ಬೀಗರಿಗೆ ಕೊಟ್ಟ ಎನಿಮಾ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಟಗೇರಿಯ ಹನ್ನೆರಡು ಕಾಟುಗಳ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಂಪೌಂಡರನಾಗಿದ್ದೆ. ತಪ್ಪು ಮಾಡುವವರು ಬೇರೆಯವರು ಎಂಬುದು ಆಗ ನನ್ನ ದೃಢವಾದ ನಂಬಿಕೆ.

"ಹೆಸರು ಕೇಳ್ಕೋತ ಕುಂಡ್ರಬ್ಯಾಡ್ರಿ. ವಾರ್ಡಿನ್ಯಾಗ ನಾಕು ಮಂದಿ ಬಸಪ್ಪ ಅದಾರ. ಕಾಟಿನ ನಂಬರ ನೋಡ್ರಿ, ಕೆಲಸ ಮುಗಸ್ರಿ!" ಎಂದು ಸಿಬ್ಬಂದಿಗೆಲ್ಲ ಉಪದೇಶ ಮಾಡುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಉಪದೇಶ ಬೇಗ ಮುಗಿಯಲಿ ಎಂದು ಇರಬೇಕು.

ಒಂದು ಮುಂಜಾನೆ ಐದನೇ ಕಾಟಿನ ಬಸಪ್ಪನಿಗೆ ಹರ್ನಿಯಾ ಆಪರೇಶನ್ ಇತ್ತು. ಅದಕ್ಕೆ ಮೊದಲು ಎನಿಮಾ ಕೊಡಬೇಕು. ನಾನು ಸಾಬೂನು ನೀರಿನ ಡಬ್ಬಿ, ರಬ್ಬರ್ ನಳಿಕೆ ಹಿಡಿದು ದಂಡನಾಯಕನಂತೆ ಹೊರಟೆ. ಕಾಟಿನ ಮೇಲೆ ದಪ್ಪ ಮೀಸೆಯವರೊಬ್ಬರು ಕಂಬಳಿ ಹೊದ್ದು ಮಲಗಿದ್ದರು.

"ಮಗ್ಗಲಾಗ್ರಿ."

"ಯಾಕ್ರಿ?"

"ಡಾಕ್ಟರ್ ಆರ್ಡರ್ ಐತಿ!"

ಆರ್ಡರ್ ಎಂದ ಮೇಲೆ ಅವರು ಮಗ್ಗಲಾದರು. ಕಾರ್ಯ ಸಾಂಗವಾಗಿ ನೆರವೇರಿತು. ಅವರು ಧೋತರ ಹಿಡಿದುಕೊಂಡು ಪಾಯಖಾನೆಯ ಕಡೆ ಓಡಿದ ವೇಗ ಕಂಡು ನನಗೆ ನನ್ನ ಕೈಗುಣದ ಬಗ್ಗೆ ಅಭಿಮಾನ ಉಕ್ಕಿತು.

ಅದೇ ಅಭಿಮಾನದಲ್ಲಿ ಹೊರಗಿನ ಪಡಸಾಲೆಗೆ ಬಂದೆ. ಅಲ್ಲಿ ಚಾಪೆಯ ಮೇಲೆ ಕುಳಿತು ರೊಟ್ಟಿ, ಎಣ್ಣೆಗಾಯಿ ತಿನ್ನುತ್ತಿದ್ದವನೊಬ್ಬ, "ಐದನೇ ಕಾಟಿನ ಬಸಪ್ಪ ನಾನರಿ. ಆಪರೇಶನ್ ಎಷ್ಟೊತ್ತಿಗ್ರಿ?" ಎಂದ!

"ನೀ ಇಲ್ಲಿದ್ರ ಒಳಗ ಮಲಗಿದ್ದವ್ರು ಯಾರೋ?"

"ಮುಳಗುಂದದ ಬೀಗರ್ರಿ. ನನ್ನ ನೋಡಾಕ ಬಂದಾರ. ಬೀಗರನ್ನ ನೆಲದ ಮ್ಯಾಲ ಕುಂಡ್ರಸಾಕ ಬರ್ತೈತೇನ್ರಿ? ಕಾಟ್ ಬಿಟ್ಟುಕೊಟ್ಟೆ. ಬುತ್ತಿ ತಂದಿದ್ರು. ಒಲ್ಲೆ ಅಂದ್ರ ಬ್ಯಾಸರ ಮಾಡ್ಕೋತಾರ."

ಅಷ್ಟರಲ್ಲಿ ಬೀಗರು ಗೋಡೆ ಹಿಡಿದುಕೊಂಡು ಬಂದರು. "ನಮ್ಮ ಕಡೆ ಬೀಗರಿಗೆ ಚಾ ಕೊಡ್ತೀವ್ರಿ. ಇಲ್ಲೆ ಹಿಂಗ ಪದ್ಧತಿ ಇದ್ದೀತು ಅಂತ ಸುಮ್ನಿದ್ದೆ," ಎಂದರು.

ಇನ್ನೊಂದು ತಾಸಿಗೆ ಆಪರೇಶನ್. ತುಂಬಿದ ಹೊಟ್ಟೆಯಲ್ಲಿ ಎಚ್ಚರ ತಪ್ಪಿಸಿದರೆ, ವಾಂತಿ ಉಸಿರಿಗೆ ಸಿಕ್ಕು ಬಸಪ್ಪನ ಜೀವಕ್ಕೇ ಕುತ್ತು. ನಮ್ಮ ಅಟೆಂಡರ್ ಮಹಬೂಬಸಾಬ ನನ್ನನ್ನು ಮೂಲೆಗೆಳೆದ.

"ಯಾರ ಮುಂದೂ ಹೇಳಬ್ಯಾಡ್ರಿ. ಬಸಪ್ಪಗ ಜ್ವರ ಬಂದಾವ ಅಂತ ಹೇಳಿ ಮುಂದ ಹಾಕಸ್ರಿ. ಹ್ವಾದ ವರ್ಷ ನಾನೂ ಆಪರೇಶನ್ ಐತಿ ಅಂತ ಒಬ್ಬ ಬೀಗರ ಹೊಟ್ಟಿ ಬೋಳಿಸಿದ್ದೆ. ಇವತ್ತಿಗೂ ಯಾರಿಗೂ ಖಬರ ಇಲ್ಲ!"

ನನಗೆ ಸಿಟ್ಟು ನೆತ್ತಿಗೇರಿತು. "ಲೇ, ನೀ ಅವತ್ತ ಹೇಳಿದ್ರ ನಾ ಇವತ್ತ ಈ ಡಬ್ಬಿ ಎತ್ತತಿದ್ನೇನೋ?"

ನೇರ ಡಾಕ್ಟರ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಆಪರೇಶನ್ ಮುಂದೆ ಹೋಯಿತು. ನನಗೆ ಬೈಗುಳ ಬಿತ್ತು. ಅಷ್ಟಕ್ಕೇ ಬಿಡುವ ಆಸಾಮಿ ನಾನಲ್ಲ! ವಾರ್ಡಿನ ಕರಿಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: "ಕಂಪೌಂಡರನಾದ ನಾನು ಕಾಟಿನ ನಂಬರು ನಂಬಿ ಬೀಗರಿಗೆ ಎನಿಮಾ ಕೊಟ್ಟಿದ್ದೇನೆ. ಮುಟ್ಟುವ ಮೊದಲು ಹೆಸರು, ಊರು ಕೇಳಿರಿ. ತಪ್ಪು ಮಾಡಿದವರು ಅದನ್ನು ಇಲ್ಲಿ ಬರೆಯಿರಿ."

ಡಾಕ್ಟರು ಕೆಂಡವಾದರು. "ಅಳಸ್ರಿ ಮೊದಲ! ಆಸ್ಪತ್ರಿ ಮರ್ಯಾದಿ ಏನಾಗಬೇಕು?"

"ಮರ್ಯಾದಿ ಹೋದ್ರ ನಂದು ಹೋಗ್ತೈತ್ರಿ, ಸಾಹೇಬ್ರ. ಮುಚ್ಚಿಟ್ರ ಮಂದಿ ಜೀವ ಹೋಗ್ತಾವ. ಅಳಸೂದಿಲ್ಲ. ಬೇಕಾದ್ರ ನನ್ನ ತೆಗೀರಿ!"

ಅವರು ಸ್ಟೆತಸ್ಕೋಪು ಕೊರಳಿಗೆ ಹಾಕಿಕೊಂಡು ಮುಂದಿನ ಕಾಟಿಗೆ ಹೋದರು. ಹಲಗೆ ಉಳಿಯಿತು. ನಾನೂ ಉಳಿದೆ. ಅಂದಿನಿಂದ ಹೆಸರು ಕೇಳದೆ ಯಾರೂ ಯಾರನ್ನೂ ಮುಟ್ಟಲಿಲ್ಲ. ಆದರೆ ಹಲಗೆಯ ಮೇಲೆ ಬೇರೆ ಯಾರೂ ಒಂದಕ್ಷರ ಬರೆಯಲಿಲ್ಲ.

ಎಂಟು ದಿನದ ಮೇಲೆ ಮತ್ತೆ ಬಸಪ್ಪನ ಆಪರೇಶನ್. ನಾನು ಡಬ್ಬಿ ಹಿಡಿದು, ನಿಯಮದ ಪ್ರಕಾರ ಹೆಸರು, ಊರು ಕೇಳಿದೆ.

ಅವನು ಗೋಡೆಗೆ ಬೆನ್ನು ಹಚ್ಚಿ ಕುಳಿತುಬಿಟ್ಟ. "ಬಸಪ್ಪ ಖರೆರಿ. ಆದ್ರ ಹಲಗಿ ಓದೀನಿ. ನಿಮ್ಮ ಕೈ ಬ್ಯಾಡ. ಮಹಬೂಬಸಾಬರನ್ನ ಕಳಸ್ರಿ. ಹಲಗಿ ಮ್ಯಾಲ ಅವರ ಹೆಸರ ಇಲ್ಲ, ಒಂದ ತಪ್ಪೂ ಮಾಡಿಲ್ಲಂತ!"

ಡಬ್ಬಿಯನ್ನು ಮಹಬೂಬಸಾಬನ ಕೈಗೆ ಕೊಟ್ಟು, ನಾನು ಬಕೆಟ್ ಹಿಡಿದು ಅವನ ಹಿಂದೆ ನಿಂತೆ!