ಎಂಟು ಓಂ, ಒಂದು ಹೂಂ

"ಗೊತ್ತಿಲ್ಲ" ಎನ್ನುವ ಮಾತು ಕೆಲವರ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆಂದು ನೋಡಿದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ದೊಡ್ಡ ಓದು ಓದಿದವರು, ಕನ್ನಡಕ ಹಾಕಿಕೊಂಡವರು ನನ್ನ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, "ಈ ರಸ್ತೆ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲಪ್ಪ" ಎಂದು ನಗುನಗುತ್ತಾ ಹೇಳಿಬಿಡುತ್ತಾರೆ. ಅವರಿಗೆ ಅದು ಶೋಭೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಹಾಗೆಂದರೆ "ಪಾಪ, ಇವನಿಗೆ ಹೇಗೆ ಗೊತ್ತಿರಬೇಕು" ಎನ್ನುತ್ತಾರೆ. ಆ "ಪಾಪ" ನನಗೆ ಆಗುವುದಿಲ್ಲ. ಆದ್ದರಿಂದ ಯಾರು ಏನೇ ಹೇಳಲಿ, ನಾನು "ಹೂಂ" ಎನ್ನುತ್ತೇನೆ.

ಈ ಹೂಂಗುಟ್ಟುವ ವಿದ್ಯೆ ನನಗೆ ಶಾಲೆಯಲ್ಲೇ ಬಂದದ್ದು. ಮೇಷ್ಟ್ರು ಭಿನ್ನರಾಶಿ ಹೇಳಿಕೊಟ್ಟು "ತಿಳೀತೇನೋ ಮಾದೇವ?" ಎಂದರೆ ನಾನು ಎಲ್ಲರಿಗಿಂತ ಗಟ್ಟಿಯಾಗಿ "ಹೂಂ ಸಾ" ಎನ್ನುತ್ತಿದ್ದೆ. ಪರೀಕ್ಷೆಯಲ್ಲಿ ಮಾತ್ರ ಹೂಂ ಎಂದು ಬರೆದರೆ ಅಂಕ ಕೊಡುವ ಪದ್ಧತಿ ಆಗ ಇರಲಿಲ್ಲ. ಒಮ್ಮೆ ಹಲ್ಲಿನ ಡಾಕ್ಟರು ಒಂದು ಬಾಟಲಿ ಕೊಟ್ಟು ಏನೇನೋ ವಿವರಿಸಿದರು. ಹೂಂ ಎಂದು ಮನೆಗೆ ಬಂದು, ಬಾಯಿ ಮುಕ್ಕಳಿಸಿ ಉಗಿಯಬೇಕಾದ ಔಷಧಿಯನ್ನು ಕುಡಿದು ಮುಗಿಸಿದೆ. ಹಲ್ಲುನೋವೂ ವಾಸಿಯಾಯಿತು, ಹಾಗಾಗಿ ನಾನು ಮಾಡಿದ್ದು ತಪ್ಪೆಂದು ಯಾರೂ ಸಾಧಿಸುವಂತಿಲ್ಲ.

ಹಾಗೆಂದು ನನ್ನನ್ನು ಕೈಲಾಗದವನೆಂದು ತಿಳಿಯಬೇಡಿ. ಮೂಟೆ ಹೊತ್ತಿದ್ದೇನೆ, ಲಾರಿ ತೊಳೆದಿದ್ದೇನೆ, ಬೇರೆಯವರ ಗಾಡಿ ಓಡಿಸಿ ಕೊನೆಗೆ ಸ್ವಂತದ್ದೊಂದು ವ್ಯಾನು ಮಾಡಿಕೊಂಡಿದ್ದೇನೆ. ದಿನಾ ಬೆಳಿಗ್ಗೆ ಹದಿನಾರು ಎನ್ನುವ ಊರಿನ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ತಾಂಡ್ಯದ ಬಟ್ಟೆ ಕಾರ್ಖಾನೆಗೆ ಬಿಟ್ಟು, ಸಂಜೆ ವಾಪಸು ತಂದು ಇಳಿಸುವುದು ನನ್ನ ಕೆಲಸ. ಅವರು ಕೈಬಿಟ್ಟರೆ ನನ್ನ ವ್ಯಾನು ನಂಜನಗೂಡಿನ ನಮ್ಮ ಮನೆಮುಂದೆ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗುತ್ತದೆ, ಅಷ್ಟೆ. ಈ ಹೆದರಿಕೆಯನ್ನು ನನ್ನೊಳಗೆ ಬಿಟ್ಟವಳು ನಾಗರತ್ನ. ವ್ಯಾನಿನಲ್ಲಿ ಕೂರುವವರಲ್ಲೆಲ್ಲ ಬಾಯಿ ಜೋರಿನವಳು. ಗಾಡಿಯ ಪುಟ್ಟ ಸ್ಪೀಕರುಗಳು ಹರಿದು, ಯಾವ ಹಾಡು ಹಾಕಿದರೂ ತಗಡಿನ ಡಬ್ಬಿಯಲ್ಲಿ ಜೀರುಂಡೆ ಬಿಟ್ಟ ಹಾಗೆ ಕೇಳಿಸುತ್ತಿತ್ತು.

"ಏನ್ ಮಾದೇವಣ್ಣ, ನಿಮ್ ಗಾಡಿ ಸ್ಪೀಕ್ರಿಗೆ ಯಾವಾಗ್ಲೂ ನೆಗ್ಡೀನಾ? ಒಂದ್ ಲೋಟ ಮೆಣಸಿನ್ ಕಷಾಯ ಕುಡಿಸ್ಬಾರ್ದಾ?" ಎಂದಳು ಒಂದು ದಿನ. ವ್ಯಾನೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಇಳಿಯುವಾಗ ನಗದೆ ಹೇಳಿದಳು: "ಹಿಂಗೇ ಆದ್ರೆ ನಾವೆಲ್ಲ ಹೊಸ್ದಾಗಿ ಬತ್ತಾ ಇರೋ ಆ ನೀಲಿ ಲೈಟಿನ್ ಗಾಡೀಗೇ ಓಯ್ತೀವಿ ಕಣಣ್ಣ. ಅದ್ರಲ್ಲಿ ಕುಂತ್ರೆ ಎದೆ ಡವಡವ ಅಂತದಂತೆ."

ದುಡ್ಡು ಕೊಟ್ಟು ಎದೆ ಡವಡವ ಅನ್ನಿಸಿಕೊಳ್ಳುವುದು ಯಾವ ಸುಖವೋ ನನಗೆ ತಿಳಿಯಲಿಲ್ಲ. ಹೂಂ ಎಂದೆ.

ಈಗ ನಮ್ಮ ಮನೆಯ ಸ್ಪೀಕರುಗಳ ವಿಷಯ ಹೇಳಬೇಕು. ಅವು ನನ್ನವಲ್ಲ, ನನ್ನ ಹೆಂಡತಿ ಮಂಗಳಳವು. ಬ್ಲೌಸು ಹೊಲಿದು ಕೂಡಿಟ್ಟು ತಂದ ಜೋಡಿ, ಒಂದೊಂದೂ ಸಣ್ಣ ಬೀರುವಿನಷ್ಟಿದೆ. ಅವುಗಳ ತಲೆಗೆ ಅವಳೇ ಹಾಕಿದ ಕಸೂತಿಯ ಬಟ್ಟೆ. ಒಂದರ ಮೇಲೆ ಗಣೇಶ, ಇನ್ನೊಂದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಬೆಳಿಗ್ಗೆ ಅದರಲ್ಲಿ ಶಿವಭಜನೆ ಹಾಕಿ, ಬಾಗಿಲು ತೆರೆದಿಟ್ಟು, ಬೀದಿಗೆಲ್ಲ ಕೇಳಿಸುವ ಹಾಗೆ ರಂಗೋಲಿ ಬಿಡುತ್ತಾಳೆ. ನಾನು ಸ್ಪೀಕರು ಮುಟ್ಟಿದರೆ "ಧೂಳು ಒರೆಸೋಕೆ ಮಾತ್ರ" ಎನ್ನುತ್ತಾಳೆ. ಆ ಸಮಯಕ್ಕೆ ಸರಿಯಾಗಿ ಮಂಗಳ, ತಂಗಿಯ ಬಾಣಂತನಕ್ಕೆಂದು ಸೋಮನಾಥಪುರದ ತವರಿಗೆ ಹೋಗಿದ್ದಳು. ಮನೆಯಲ್ಲಿ ಬೀರುವಿನಷ್ಟು ದೊಡ್ಡದು ಸುಮ್ಮನೆ ಕೂತಿರುವಾಗ ಅಂಗೈಯಗಲದ್ದನ್ನು ಅಂಗಡಿಯಿಂದ ತರುವುದು ಪೆದ್ದತನವಲ್ಲವೇ?

ಆದರೂ ಒಂದು ಮಾತು ಕೇಳೋಣವೆಂದು ರೇಡಿಯೋ ರಿಪೇರಿಯ ಸಿದ್ದರಾಜನ ಅಂಗಡಿಗೆ ಹೋದೆ. ಅವನು ಯಾವುದೋ ಟಿವಿಯ ಹೊಟ್ಟೆಯೊಳಗೆ ಕೈಹಾಕಿಕೊಂಡೇ, "ಮನೇದು ಎಂಟು ಓಮ್ ಇರ್ತದೆ ಕಣಣ್ಣ. ಗಾಡಿ ಸೆಟ್ಟಿಗೆ ಬೇಕಾಗಿರೋದು ನಾಕು ಓಮು. ಗೊತ್ತಲ್ಲ?" ಎಂದ.

"ಹೂಂ" ಎಂದೆ.

ಗೊತ್ತಿಲ್ಲದೆ ಏನು? ನಾನು ನಂಜನಗೂಡಿನವನು. ನನ್ನ ವ್ಯಾನಿನ ಹಣೆಯ ಮೇಲೇ ಓಂ ಎಂದು ಬರೆಸಿದ್ದೇನೆ. ಗಾಡಿಗೆ ನಾಲ್ಕು ಓಂ ಸಾಕಂತೆ, ನಮ್ಮ ಮನೆಯದರಲ್ಲಿ ಎಂಟು ಇದೆಯಂತೆ. ಎರಡರಷ್ಟು! ಮನೆಗೆ ಬಂದು ಸ್ಪೀಕರಿನ ಬೆನ್ನು ತಿರುಗಿಸಿ ನೋಡಿದೆ. ಎಂಟು ಎಂದು ಬರೆದು ಪಕ್ಕದಲ್ಲಿ ಒಂದು ಗುರುತಿತ್ತು. ಮೇಲೆ ಗುಂಡಗೆ, ಕೆಳಗೆ ಎರಡು ಕಡೆಗೂ ಪಾದ ಚಾಚಿಕೊಂಡು, ಪೀಠದ ಮೇಲೆ ಕೂರಿಸಿದ ಲಿಂಗದ ಹಾಗೇ ಇತ್ತು. ಕಂಪನಿಯವರಿಗೂ ಎಂಥ ಭಕ್ತಿ ಎಂದು ಮೈ ಜುಮ್ಮೆಂದಿತು. ಬೆರಳಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

ಹಿಂದಿನ ಸೀಟು ಬಿಚ್ಚಿ ಮನೆಯಲ್ಲಿಟ್ಟು, ಆ ಜಾಗದಲ್ಲಿ ಎರಡು ಸ್ಪೀಕರುಗಳನ್ನೂ ಹಗ್ಗದಿಂದ ಬಿಗಿದೆ. ವೈರು ನಾನೇ ಜೋಡಿಸಿದೆ. ಮಾರನೆಯ ಬೆಳಿಗ್ಗೆ ಹದಿನಾರಿನಲ್ಲಿ ಬಾಗಿಲು ತೆರೆದಾಗ ನಾಗರತ್ನ ಒಂದು ಕಾಲು ಒಳಗಿಟ್ಟು ನಿಂತಳು.

"ಇವ್ರ್ಯಾರಣ್ಣ? ಇವ್ರೂ ತಾಂಡ್ಯಕ್ಕೆ ಕೆಲ್ಸಕ್ಕೆ ಬತ್ತವ್ರಾ?"

"ಕೂತ್ಕೊಳವ್ವ. ಇವತ್ತು ನಿನ್ನ ಎದೆ ಡವಡವ ಅನ್ನದೆ ಇದ್ರೆ ಕೇಳು" ಎಂದು ಗತ್ತಿನಿಂದ ಹಾಡು ಹಾಕಿದೆ.

ಏನು ಹೇಳಲಿ. ಪಕ್ಕದ ಬೀದಿಯ ಮನೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡು ಹಾಡಿದ ಹಾಗೆ ಸಣ್ಣಗೆ ಬಂತು. ಪೂರ್ತಿ ತಿರುವಿದೆ. ಹಾಡು ದೊಡ್ಡದಾಗುವ ಬದಲು ಗೊರಗೊರ ಎಂದಿತು.

"ಬೀಗ್ರು ಕುಂತಂಗೆ ಕುಂತವ್ರೆ, ಒಂದ್ ಮಾತೂ ಆಡಲ್ವಲ್ಲಣ್ಣ!" ಎಂದಳು ನಾಗರತ್ನ. "ಏನೋ ಮುನಿಸು ಕಣ್ರಮ್ಮಿ, ಬಂದಾಗ ಕಾಲಿಗೆ ನೀರು ಕೊಟ್ಟಿಲ್ಲ ಅನ್ಸತ್ತೆ" ಎಂದಿತು ಹಿಂದಿನಿಂದ ಇನ್ನೊಂದು ದನಿ. ಅಷ್ಟರಲ್ಲಿ ತಾಂಡ್ಯದ ತಿರುವಿನ ಹಂಪ್ ಬಂತು. ಹಗ್ಗ ಸಡಿಲಾಗಿ ಒಬ್ಬ ಬೀಗರು ಮುಂದಕ್ಕೆ ಜಾರಿ ನಾಗರತ್ನಳ ಮಡಿಲಲ್ಲೇ ಕೂತರು. ಆಮೇಲೆ ಎದ್ದ ನಗುವಿನ ಮುಂದೆ ನೀಲಿ ಲೈಟಿನ ಗಾಡಿಯ ಸದ್ದು ಏನೂ ಅಲ್ಲ.

ಸಂಜೆ ಕೂತು ಯೋಚಿಸಿದೆ. ಎಂಟು ಓಂ ಇದ್ದೂ ದನಿ ಏಳುತ್ತಿಲ್ಲವೆಂದರೆ ತಪ್ಪು ಸ್ಪೀಕರಿನದಲ್ಲ, ನನ್ನ ನಡವಳಿಕೆಯದು. ಚಪ್ಪಲಿ ಕಾಲಿನಲ್ಲೇ ವೈರು ಜೋಡಿಸಿದ್ದೆ! ಸ್ನಾನ ಮಾಡಿ, ಎರಡಕ್ಕೂ ಮೂರೆಳೆ ವಿಭೂತಿ ಬಳಿದು, ಊದುಬತ್ತಿ ಬೆಳಗಿ, ಬರಿಗಾಲಲ್ಲಿ ಹತ್ತಿ ಹಾಡು ಹಾಕಿದೆ. ಅದೇ ಪಕ್ಕದ ಬೀದಿ, ಅದೇ ಮುಚ್ಚಿದ ಬಾಗಿಲು.

ಕೊನೆಗೆ ವ್ಯಾನನ್ನೇ ಸಿದ್ದರಾಜನ ಅಂಗಡಿಯ ಮುಂದೆ ನಿಲ್ಲಿಸಿದೆ. ಅವನು ಒಳಗೆ ಇಣುಕಿ ವಿಭೂತಿ ನೋಡಿದ, ನನ್ನ ಬರಿಗಾಲು ನೋಡಿದ.

"ಅಣ್ಣ, ಓಮ್ ಅಂದ್ರೆ ಏನಂದ್ಕೊಂಡ್ರಿ?"

ಈ ಪ್ರಶ್ನೆಗೆ ಹೂಂ ಎನ್ನಲು ಬರುವುದಿಲ್ಲ. ವ್ಯಾನಿನ ಹಣೆಯ ಕಡೆ ಕೈ ತೋರಿಸಿದೆ.

"ಓಮ್ ಅಂದ್ರೆ ಅಡ್ಡ ಕಣಣ್ಣ. ಕರೆಂಟು ಓಗಕ್ಕೆ ಬುಡ್ದೆ ತಡೆಯೋದು. ನಾಕು ಅಂದ್ರೆ ಕಮ್ಮಿ ಅಡ್ಡ, ಎಂಟು ಅಂದ್ರೆ ಜಾಸ್ತಿ ಅಡ್ಡ. ನಿಮ್ ಗಾಡಿ ಸೆಟ್ಟಿಗೆ ಅದನ್ನ ತಳ್ಳೋ ಅಷ್ಟು ದಮ್ಮಿಲ್ಲ. ಬ್ಯಾರೆ ಆಂಪ್ಲಿಫಯರ್ ಬೇಕು. ಅವತ್ತೇ ಏಳಕ್ಕೆ ಬಂದೆ, ನೀವು ಹೂಂ ಅಂದ್ಬುಟ್ರಲ್ಲ!"

ಓಂ ಎಂದರೆ ಅಡ್ಡವಂತೆ! ಅದೂ ನಂಜನಗೂಡಿನಲ್ಲಿ ನಿಂತು ಹೇಳುತ್ತಾನೆ! ವಾದ ಮಾಡಬೇಕೆನಿಸಿತು, ಆದರೆ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಮಂಗಳ. "ನಾಳೆ ಮಧ್ಯಾಹ್ನ ನರಸೀಪುರದ ಬಸ್ ಸ್ಟ್ಯಾಂಡಿಗೆ ಬನ್ರೀ, ಬಾಣಂತಿ ಮನೆ ಸಾಮಾನು ಇದೆ."

ಬೀಗರನ್ನು ಅವಸರದಲ್ಲಿ ಮನೆಗೆ ಕಳಿಸಿದ್ದಾಯಿತು. ಕಸೂತಿ ಬಟ್ಟೆ ಹಾಸಿ, ಗಣೇಶನನ್ನೂ ಹೂಕುಂಡವನ್ನೂ ಸ್ವಸ್ಥಾನಕ್ಕೆ ಸೇರಿಸಿದೆ. ಸೀಟು ಜೋಡಿಸಿ ನರಸೀಪುರಕ್ಕೆ ಹೋಗಿ ಅವಳನ್ನು ಕರೆತಂದೆ. "ಹಿಂದೆ ಇಷ್ಟುದ್ದ ಹಗ್ಗ ಯಾಕ್ರೀ?" ಎಂದಳು ದಾರಿಯಲ್ಲಿ. "ಹೂಂ" ಎಂದೆ. ಮನೆಯೊಳಗೆ ಕಾಲಿಟ್ಟವಳು ಸ್ಪೀಕರುಗಳ ಮುಂದೆ ನಿಂತಳು. ಅವಸರದಲ್ಲಿ ವಿಭೂತಿ ಒರೆಸುವುದನ್ನೇ ಮರೆತಿದ್ದೆ.

"ನಾನಿಲ್ಲದಾಗ ಪೂಜೆ ಮಾಡ್ತಿದ್ರಾ?" ಎಂದಳು. ಅವಳ ಕಣ್ಣು ಮಿನುಗಿತು. "ನೀವು ಹಿಂಗೇ ಇರಿ, ಸಾಕು."

ಆ ರಾತ್ರಿಯ ಊಟಕ್ಕೆ ಒಬ್ಬಟ್ಟಿತ್ತು. ಇನ್ನೊಂದು ಹಾಕಲೇ ಎಂದಾಗ, ನಿಜ ಹೇಳುವ ಬದಲು ಹೂಂ ಎಂದೆ.

ಸೋಮವಾರ ಬೆಳಿಗ್ಗೆ ಹದಿನಾರಿನ ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ನೀಲಿ ಲೈಟಿನ ಗಾಡಿ ನನಗಿಂತ ಮುಂಚೆ ಬಂದು ಹೋಗಿತ್ತಂತೆ. ಖಾಲಿ ವ್ಯಾನು ತಿರುಗಿಸಿಕೊಂಡು ಬಂದೆ. ಮಂಗಳವಾರವೂ ಅಷ್ಟೆ. ಮಂಗಳ ನಿಜವಾಗಿಯೂ ಒಂದು ಒದ್ದೆ ಸೀರೆಯನ್ನು ವ್ಯಾನಿನ ಬಾಗಿಲಿಗೆ ಹರಡಿದಾಗ, ಅದರ ಇನ್ನೊಂದು ತುದಿಯನ್ನು ನಾನೇ ಎಳೆದು ಕಟ್ಟಿದೆ.

ಆವತ್ತು ಸಂಜೆ ಬ್ಲೌಸ್ ಪೀಸು ಹಿಡಿದುಕೊಂಡು ನಾಗರತ್ನ ಮನೆಗೇ ಬಂದಳು. ಅವಳ ಬ್ಲೌಸು ಹೊಲಿಯುವವಳು ಮಂಗಳ ಎನ್ನುವುದು ನನಗೆ ನೆನಪಾಗಿದ್ದು ಅವಳು ಹೊಸ್ತಿಲು ದಾಟಿದ ಮೇಲೆ.

"ಅಯ್ ಮಂಗಳಕ್ಕ, ಬೀಗ್ರು ಇಲ್ಲೇ ಅವ್ರಲ್ಲ!" ಎಂದಳು, ಸ್ಪೀಕರುಗಳ ಕಡೆ ಕೈತೋರಿ.

ಮಿಕ್ಕಿದ್ದನ್ನು ನಾನು ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಹಂಪು, ಮಡಿಲು, ಗೊರಗೊರ, ಯಾವುದನ್ನೂ ಬಿಡಲಿಲ್ಲ ಪುಣ್ಯಾತ್ಗಿತ್ತಿ. ಎಲ್ಲ ಮುಗಿಸಿ ನನ್ನನ್ನು ಕೂಗಿದಳು: "ಅಣ್ಣೋ, ನಾಳೆ ಗಾಡಿ ತಕ್ಕಂಡ್ ಬನ್ನಿ. ಆ ನೀಲಿ ಗಾಡಿ ಸಾವಾಸ ಸಾಕು. ಎದೆ ಡವಡವ ಅನ್ನೋದಿರ್ಲಿ, ಪಕ್ಕದೋಳು ಏನಂದ್ಲು ಅಂತ ಕೇಳಕ್ಕಾಗಲ್ಲ. ದಿನೆಲ್ಲ ಮಿಷನ್ ಸದ್ದು ಕೇಳೋರ್ಗೆ ಮಾತಾಡಕ್ಕೆ ಅಂತ ಇರೋದು ಅದೊಂದ್ ದಾರಿ. ನೀವು ಆ ನೆಗ್ಡಿ ಸ್ಪೀಕರ್ನೇ ಇಟ್ಕಳಿ. ಬ್ಯಾಸ್ರ ಆದ್ರೆ ಆರ್ಸಿಬುಟ್ಟು ನಾವೇ ಪದ ಏಳ್ಕತೀವಿ."

ವ್ಯಾನು ಉಳಿಯಿತು. ಅವಳು ಹೋದ ಮೇಲೆ ಮಂಗಳ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದು ನನ್ನೆದುರು ಕೂತಳು. ವಿಭೂತಿಯ ಕಥೆ ಹೇಳಿದೆ, ಲಿಂಗದ ಗುರುತಿನ ಕಥೆ ಹೇಳಿದೆ, ಓಮ್ ಎಂದರೆ ಅಡ್ಡ ಎಂದು ಸಿದ್ದರಾಜ ಹೇಳಿದ್ದನ್ನೂ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬಹಳ ಹೊತ್ತು ನನ್ನ ಎರಡು ಕಿವಿಗಳನ್ನೂ ಅಳತೆ ತೆಗೆಯುವವಳ ಹಾಗೆ ನೋಡಿದಳು.

"ಸ್ಪೀಕ್ರಿಗೆ ಬರೀ ಎಂಟೇ ಅಲ್ವೇನ್ರೀ?" ಎಂದಳು. "ನಾನು ಮದುವೆ ಆದಾಗಿಂದ ಎಂಬತ್ತರ ಜೋಡಿ ಜೊತೆ ಸಂಸಾರ ಮಾಡ್ತಿದ್ದೀನಿ. ತಿಳೀತಾ?"

"ಹೂಂ" ಎಂದೆ.

ತಿಳಿದದ್ದು ಮಾರನೆಯ ಬೆಳಿಗ್ಗೆ, ತಾಂಡ್ಯದ ಹಂಪ್ ದಾಟುವಾಗ.