ಮಾವನ ಟವಲು

ನಮ್ಮ ಸೋದರಮಾವ ತಮ್ಮ ಆಯುಷ್ಯದ ಅರ್ಧವನ್ನು ತಾವು ಬದುಕಿಲ್ಲ, ಅವರ ಟವಲು ಬದುಕಿದೆ. ಉತ್ಪ್ರೇಕ್ಷೆ ಅನ್ನುತ್ತೀರಾ? ಹನೂರು ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ. ಕೊಳ್ಳೇಗಾಲದ ಬಸ್ಸು ನಿಲ್ಲುವ ಮೊದಲೇ ಕೆಂಪಂಚಿನ ಟವಲೊಂದು ಕಿಟಕಿಯಿಂದ ಒಳಗೆ ಹಾರಿ ಸೀಟಿನ ಮೇಲೆ ಕೂರುತ್ತದೆ. ಮಾವ ಮಾತ್ರ ಎದುರಿನ ಹೋಟೆಲಿನಲ್ಲಿ ಎರಡನೇ ಟೀ ಕುಡಿಯುತ್ತಿರುತ್ತಾರೆ. ಒಮ್ಮೆ ಟವಲು ಒಂದೇ ಕೊಳ್ಳೇಗಾಲಕ್ಕೆ ಹೋಗಿ ಬಂತು. ನಿಂತವರು ನಿಂತೇ ಇದ್ದರಂತೆ, ಆ ಸೀಟಿನಲ್ಲಿ ಯಾರೂ ಕೂರಲಿಲ್ಲವಂತೆ.

ಯಳಂದೂರಿನ ಮದುವೆಯೊಂದರಲ್ಲಿ ಮೊದಲ ಪಂಕ್ತಿಯ ಕುರ್ಚಿಗೆ ಟವಲು ಹಾಕಿ ಹರಟೆಗೆ ಹೋದರು. ಬಡಿಸುವವನು ಆ ಎಲೆಗೂ ಉಪ್ಪಿನಿಂದ ಪಾಯಸದವರೆಗೆ ಕ್ರಮವಾಗಿ ಬಡಿಸಿದ. ಮಾವ ಬರುವಷ್ಟರಲ್ಲಿ ಎಲೆ ಎತ್ತಿದ್ದರು.

"ನಾನಿನ್ನೂ ಉಂಡಿಲ್ಲ ಕಣಯ್ಯ."

"ನಿಮ್ ಟವಲು ಉಂಡಾಯ್ತಲ್ಲ ಸಾ," ಅಂದ ಅವನು.

ಇಷ್ಟಕ್ಕೇ ನಿಂತಿದ್ದರೆ ನಾನೂ ನಗುತ್ತಲೇ ಇರುತ್ತಿದ್ದೆ.

ಮಾವನ ಒಬ್ಬಳೇ ಮಗಳು ಅಮೆರಿಕದಲ್ಲಿ ಮಣ್ಣಿನ ವಿಜ್ಞಾನ ಓದುತ್ತಿದ್ದಳು. ಹೋದ ಚಳಿಗಾಲದಲ್ಲಿ ವಿಡಿಯೋ ಕಾಲ್ ಮಾಡಿ, ಹಿಮದಲ್ಲಿ ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕು ಎಂದು ಗೋಳಾಡಿದಳು. ಮೂರು ವಿಷಯಗಳಲ್ಲಿ ಎರಡು ಆನ್‌ಲೈನಿನಲ್ಲೂ ಸಿಗುತ್ತಿದ್ದವು. ಆದರೆ ಅವಳಂಥ ವಿದ್ಯಾರ್ಥಿ ವೀಸಾದವರಿಗೆ ಒಂದು ಸೆಮಿಸ್ಟರಿಗೆ ಒಂದೇ ಆನ್‌ಲೈನ್ ವಿಷಯ ಲೆಕ್ಕಕ್ಕೆ, ಉಳಿದದ್ದಕ್ಕೆ ತರಗತಿಯಲ್ಲೇ ಕೂರಬೇಕು ಎಂದು ಯಾರೋ ಹೇಳಿದ್ದರು.

"ಕಾಲೇಜ್ ಆಫೀಸಲ್ಲಿ ಒಂದ್ಮಾತು ಕೇಳ್ಬುಡ್ಲಾ ಅಪ್ಪ?"

"ಕೇಳ್ಬ್ಯಾಡ ಕಣವ್ವ," ಅಂದರು ಮಾವ. "ಸೀಟು ಖಾಲಿ ಅದಾ ಅಂತ ಕೇಳುದ್ರೆ ಯಾವನೂ ಅದೆ ಅನ್ನಕಿಲ್ಲ. ಎರಡಕ್ಕೂ ಆನ್‌ಲೈನಲ್ಲೇ ಹೆಸ್ರು ಬರ್ಸ್ಬುಡು, ಟವಲ್ ಆಕ್ದಂಗೆ."

ನಾನು ಪಕ್ಕದಲ್ಲೇ ಕೂತಿದ್ದೆ. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಹಾಜರಾತಿ ಪುಸ್ತಕ ನೋಡಿಕೊಳ್ಳುವ ಗುಮಾಸ್ತ ನಾನು. ಬೇಡ ಅನ್ನಬಹುದಿತ್ತು. ನಕ್ಕೆ. ಆ ನಗುವಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅವಳು ಹಾಗೇ ಮಾಡಿದಳು. ಎರಡು ತಿಂಗಳಿಗೆ ಕಾಲೇಜಿನಿಂದ ಪತ್ರ ಬಂತು. ಎರಡನೇ ಆನ್‌ಲೈನ್ ವಿಷಯ ಲೆಕ್ಕಕ್ಕಿಲ್ಲ, ಆದ್ದರಿಂದ ನೀವು ಪೂರ್ಣಾವಧಿಯ ವಿದ್ಯಾರ್ಥಿಯಲ್ಲ, ಆದ್ದರಿಂದ ದಯವಿಟ್ಟು ಹೊರಡಿ. ಎಂಥ ಸಭ್ಯತೆ! ಪರೀಕ್ಷೆಗಳಲ್ಲಿ ಅವಳದೇ ಹೆಚ್ಚು ಅಂಕ. ಕಲಿತಳೇ ಎಂದು ಯಾರೂ ಕೇಳಲಿಲ್ಲ, ಕೂತಿದ್ದಳೇ ಎಂದು ಕೇಳಿದರು. ಮೂರು ವರ್ಷ ಬೆಂಚಿನ ಮೇಲೆ ಬರೀ ದೇಹ ಇಟ್ಟು ಡಿಗ್ರಿ ತೆಗೆದುಕೊಂಡು ಹೋದವರನ್ನು ನಾನು ಎಷ್ಟು ಕಂಡಿಲ್ಲ? ಅವರೆಲ್ಲರ ಹಾಜರಾತಿ ನನ್ನ ಪುಸ್ತಕದಲ್ಲಿ ಚೊಕ್ಕವಾಗಿದೆ.

ಮಗಳು ಊರಿಗೆ ಬಂದಳು. ಓದು ತಲೆಗೆ ಹತ್ತಲಿಲ್ಲವಂತೆ ಎಂದು ನೆಂಟರು ಆಡಿಕೊಂಡರು. ವಿಷಯ ತಿಳಿಯದವರೇ ಹೆಚ್ಚು ಮರುಗಿದರು, ಅದು ಇನ್ನೂ ಕಷ್ಟ.

ಕಾಲೇಜಿನವರು ಮತ್ತೆ ಸೇರಿಸಿಕೊಳ್ಳಲು ಒಪ್ಪಿದರು, ಆದರೆ ಹೊಸ ವೀಸಾ ಬೇಕಿತ್ತು. ಮೊನ್ನೆ ಸಂದರ್ಶನಕ್ಕೆಂದು ಮೂವರೂ ಚೆನ್ನೈನ ಅಮೆರಿಕದ ವೀಸಾ ಕಚೇರಿಗೆ ಹೋದೆವು. ಒಳಗೆ ಅವಳೊಬ್ಬಳಿಗೇ ಪ್ರವೇಶ. ವೀಸಾ ಕೊಡುವುದಾದರೆ ಪಾಸ್‌ಪೋರ್ಟನ್ನು ಅವರೇ ಇಟ್ಟುಕೊಳ್ಳುತ್ತಾರೆ, ಕೈಗೇ ಕೊಟ್ಟು ಕಳಿಸಿದರೆ ಇಲ್ಲ ಅಂತ ಅರ್ಥ ಎಂದು ಗೇಟಿನ ಹೊರಗಿದ್ದವರು ತಿಳಿಸಿದರು. ಮಾವ ಎದುರಿನ ಫುಟ್‌ಪಾತಿನಲ್ಲಿ ಬಿಸಿಲಿಗೆ ನಿಂತರು. ಎರಡು ಗಂಟೆಯಾದರೂ ಕದಲಲಿಲ್ಲ.

"ಮಾವ, ಆ ಕಲ್ಲಿನ ಮ್ಯಾಲೆ ಟವಲ್ ಆಕ್ಬುಟ್ಟು ಬನ್ನಿ, ಒಂದ್ ಟೀ ಕುಡ್ಕಂಡು ಬರಣ."

ಟವಲು ಅವರ ಹೆಗಲ ಮೇಲೇ ಇತ್ತು.

"ಬ್ಯಾಡ ಕಣ್ಲಾ," ಅಂದರು. "ಅವ್ಳು ಈಚೆಗ್ ಬಂದಾಗ ನಾನೇ ಇರ್ಬೇಕು."

ಅವಳು ಬಂದಳು. ಪಾಸ್‌ಪೋರ್ಟು ಕೈಯಲ್ಲಿತ್ತು. ಮಾವ ಹೆಗಲಿನ ಟವಲು ತೆಗೆದು ಮೊದಲು ಅವಳ ಮುಖ ಒರೆಸಿದರು, ಆಮೇಲೆ ತಮ್ಮದು.