ಮೂಗಿನ ಕೆಲಸ

ಅಪ್ಪ: ಅಂದ್ರೆ ಇಷ್ಟು ವರ್ಷ ಓದಿಸಿದ್ದು ನೀನು ಹೋಗಿ ಕಂಡೋರ ನೀರು ಮೂಸ್ಲಿ ಅಂತಾನಾ?

ಮಗಳು: ಕಂಡೋರ ನೀರಲ್ಲಪ್ಪ, ಇಡೀ ಊರಿನ ನೀರು. ನಲ್ಲಿಗೆ ಬಿಡೋ ಮುಂಚೆ ವಾಸನೆ ಇದೆಯಾ ಅಂತ ನೋಡ್ಬೇಕು.

ಅಪ್ಪ: ಅದಕ್ಕೆ ಮಷೀನ್ ಇಲ್ವಾ?

ಮಗಳು: ಇದೆ. ಕೆಲವು ವಾಸನೆಗೆ ಮಷೀನಿಗಿಂತ ಮೂಗೇ ಚುರುಕು.

ಅಪ್ಪ: ಬೀದಿಗೆಲ್ಲ ‘ಮಗಳು ವಿಜ್ಞಾನಿ’ ಅಂತ ಡಂಗುರ ಹೊಡೆದಿದೀನಲ್ಲೇ! ಈಗ ಮೂಸ್ತಾಳೆ ಅಂತ ಯಾವ ಬಾಯಲ್ಲಿ ಹೇಳ್ಲಿ?

ಅಮ್ಮ: ಡಂಗುರ ಹೊಡೆದ ಬಾಯಲ್ಲೇ.

ಅಪ್ಪನದು ಸೆಂಟು, ಸೋಪು, ತಲೆಗೆಣ್ಣೆಗಳ ಅಂಗಡಿ. ಅದರ ಮೇಲಿನ ಎರಡು ಕೋಣೆಗಳಲ್ಲೇ ಸಂಸಾರ, ಹಾಗಾಗಿ ಆ ಮನೆಯಲ್ಲಿ ಸಾರಿಗೂ ಗುಲಾಬಿಯ ಘಮ. ಮಗಳು ರಸಾಯನಶಾಸ್ತ್ರದ ಪದವಿ ಮುಗಿಸಿ, ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಪದವೀಧರರ ತರಬೇತಿಗೆ ಸೇರಿ ವರ್ಷವಾಗಿತ್ತು. ವರ್ಷವಿಡೀ ಒಂದೊಂದು ವಿಭಾಗಕ್ಕೆ ದಬ್ಬಿ, ಕೊನೆಗೆ ಒಂದು ಪರೀಕ್ಷೆ ಇಡುತ್ತಾರೆ. ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಬಿಳಿ ಕೋಟು ಬಿಚ್ಚಿಟ್ಟು ಮನೆಗೆ. ಆ ಪರೀಕ್ಷೆ ಇವತ್ತು.

ಅಮ್ಮ: ಒಂದು ಹನಿ ಎಣ್ಣೆನಾದ್ರೂ ಹಚ್ಕೊಳ್ಳೇ. ತಲೆ ನೋಡು, ಕಾಗೆ ಗೂಡು.

ಮಗಳು: ಎಣ್ಣೆ ಇಲ್ಲ, ಪೌಡರ್ ಇಲ್ಲ, ಕಾಫಿನೂ ಇಲ್ಲ. ವಾಸನೆ ಇರೋದನ್ನ ಇವತ್ತು ಮುಟ್ಟೋ ಹಾಗಿಲ್ಲ. ನಿಯಮ.

ಅಪ್ಪ: ಸೆಂಟು ಮಾರೋನ ಮಗಳು ಸೆಂಟಿಗೇ ಮೂಗು ಮುರೀತಾಳೆ, ನೋಡು!

ಅಮ್ಮ: ಮುರಿಯೋದು ಬೇಡ ಅನ್ನಿ. ಇವತ್ತು ಅದರಿಂದಲೇ ಅನ್ನ ಹುಟ್ಬೇಕು.

ಮಗಳು: ತಮಾಷೆ ಸಾಕಮ್ಮಾ. ಈ ಕೆಲಸ ನಂಗೆ ಬೇಕು. ಬೇರೆ ಏನನ್ನೂ ನಾನು ಇಷ್ಟು ಆಸೆಪಟ್ಟಿಲ್ಲ.

ಅಪ್ಪ: (ಮೀಸೆ ತಿರುವುತ್ತ) ಸಿಗತ್ತೆ, ಹೋಗು.

ಮಗಳು: ಅಷ್ಟು ಗ್ಯಾರಂಟಿನಾ?

ಅಪ್ಪ: ಅಪ್ಪ ಅಂತ ಒಬ್ಬ ಇದ್ಮೇಲೆ ಒಂದಿಷ್ಟು... ಆಶೀರ್ವಾದ ಇರತ್ತಲ್ಲ.

ಅಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈ ಮನುಷ್ಯ ಬರೀ ಆಶೀರ್ವಾದ ಮಾಡಿ ಸುಮ್ಮನಿರುವ ಪೈಕಿ ಅಲ್ಲವೆಂದು ಆಕೆಗೆ ಗೊತ್ತು.

ಸಂಜೆ ಮಗಳು ಬಂದವಳೇ ಚೀಲವನ್ನು ಮೂಲೆಗೆ ಎಸೆದಳು.

ಅಮ್ಮ: ಏನಾಯ್ತೇ?

ಮಗಳು: ಸಾಲಾಗಿ ಲೋಟ ಇಟ್ಟಿದ್ರು. ಮಣ್ಣು ವಾಸನೆ, ಪಾಚಿ, ಕ್ಲೋರಿನ್, ಎಲ್ಲ ಸರಿಯಾಗಿ ಹೇಳ್ದೆ. ಕೊನೇದು ಖಾಲಿ.

ಅಪ್ಪ: ಖಾಲಿ ಲೋಟ ಮೂಸೋಕೆ ಕೊಟ್ರಾ? ಮೋಸ!

ಮಗಳು: ನೀರಿತ್ತಪ್ಪ. ವಾಸನೆ ಇಲ್ಲದ ಶುದ್ಧ ನೀರಿಗೆ ನಾವು ಖಾಲಿ ಅಂತೀವಿ.

ಅಪ್ಪ: ತುಂಬಿರೋದನ್ನ ಖಾಲಿ ಅನ್ನೋಕೆ ಒಂದು ಪದವಿ!

ಅಮ್ಮ: ಅರ್ಧ ಇರೋ ಬಾಟಲಿನ ತುಂಬಿದೆ ಅಂತ ಮಾರೋಕೆ ನೀವ್ಯಾವ ಪದವಿ ಮಾಡಿದ್ರಿ? ಸುಮ್ನಿರಿ. ಆಮೇಲೆ?

ಮಗಳು: ಅದರಲ್ಲಿ ಮಲ್ಲಿಗೆ ವಾಸನೆ ಬಂತು. ಹೇಳ್ದೆ. ಪರೀಕ್ಷೆ ಮಾಡೋ ಸಾಹೇಬರು ನಕ್ಕುಬಿಟ್ರು. ‘ಖಾಲಿ ನೀರಲ್ಲಿ ಮಲ್ಲಿಗೆ ಅರಳಿಸ್ತೀಯಾ? ನೀನು ಫೇಲು’ ಅಂದ್ರು.

ಅಪ್ಪ ಯಾಕೋ ಕಿಟಕಿಯ ಕಡೆ ತಿರುಗಿಕೊಂಡ.

ಅಪ್ಪ: ಮಲ್ಲಿಗೆ ಅಂದ್ರೆ... ಯಾವ ತರದ ಮಲ್ಲಿಗೆ?

ಮಗಳು: ಮೇಲೆ ಮಲ್ಲಿಗೆ, ಕೆಳಗೆ ಒಂಚೂರು ಸೀಮೆಎಣ್ಣೆ, ಅದರ ಕೆಳಗೆ ಹಳೇ ರಬ್ಬರ್ ಬಿರಡೆ. ತೊಟ್ಟಿಲಿಂದ ಮೂಸ್ತಾ ಬಂದಿರೋ ವಾಸನೆ ಅಪ್ಪ, ಬೇರೆ ಎಲ್ಲೂ ಸಿಗಲ್ಲ.

ಅಪ್ಪ: ಏಯ್, ನಂದು ಶುದ್ಧ ಮಾಲು!

ಅಮ್ಮ: ಸೀಮೆಎಣ್ಣೆ ಶುದ್ಧವೇ ಇರ್ಬೇಕು.

ಮಗಳು: ನಾನು ಬಿಡ್ಲಿಲ್ಲ. ‘ಸರ್, ಇದು ನಮ್ಮಪ್ಪನ ಅಂಗಡಿ ಸೆಂಟು’ ಅಂದೆ. ಅವರು ಸರಕ್ಕನೆ ಕೈ ಹಿಂದಕ್ಕೆ ಕಟ್ಕೊಂಡ್ರು. ನಮ್ಮ ಲ್ಯಾಬಿನ ದೊಡ್ಡ ಮೇಡಂ ಬಂದು ಆ ಕೈ ಎಳೆದು ಮೂಸಿದ್ರು.

ಅಮ್ಮ: ಏನ್ರೀ, ನಿಮ್ಮ ಸೆಂಟು ಆ ಕೈಗೆ ಹೇಗೆ ಹೋಯ್ತು?

ಅಪ್ಪ: ಗಾಳೀಲಿ ಹೋಗಿರತ್ತೆ.

ಮಗಳು: ನಿನ್ನೆ ಯಾರೋ ಮೀಸೆ ಇರೋ ಯಜಮಾನರು ಅವರ ಮನೆಗೆ ಹೋಗಿ ‘ನಮ್ಮ ಹುಡುಗೀನ ಸ್ವಲ್ಪ ನೋಡ್ಕೊಳ್ಳಿ’ ಅಂತ ಬಾಟಲಿ ಕೊಟ್ರಂತೆ. ಹೇಗಿದೆ ನೋಡೋಣ ಅಂತ ಇವತ್ತು ಬೆಳಿಗ್ಗೆ ಇವರು ಒಂದು ಹನಿ ಸವರ್ಕೊಂಡು, ಅದೇ ಕೈಯಲ್ಲಿ ಆ ಕೊನೇ ಲೋಟ ತುಂಬಿದಾರೆ. ಯಾವ ಹುಡುಗಿ ಅಂತ ಮಾತ್ರ ಯಜಮಾನರು ಹೇಳೇ ಇಲ್ವಂತೆ!

ಅಮ್ಮ: ಲಂಚ ಕೊಟ್ಟೂ ಹೆಸರು ಹೇಳ್ದೆ ಬಂದ್ರಾ? ಅದನ್ನೂ ನೆಟ್ಟಗೆ ಕೊಡೋಕೆ ಬರಲ್ವಾ ನಿಮಗೆ?

ಅಪ್ಪ: ಗಾಬರೀಲಿ ಮರೆತುಬಿಟ್ಟೆ ಕಣೇ. ಅಭ್ಯಾಸ ಇಲ್ಲ ನೋಡು. (ಕುಸಿದು ಕೂತು) ಮಗಳೇ, ನಿನ್ನ ಬಾಳಿಗೆ ನಾನೇ ಕಲ್ಲು ಹಾಕ್ಬಿಟ್ನಾ?

ಮೀಸೆ ಇಳಿಬಿದ್ದಿತ್ತು. ಮಗಳು ನೀರು ತಂದು, ಅಭ್ಯಾಸಬಲದಿಂದ ಒಮ್ಮೆ ಮೂಸಿ, ಅಪ್ಪನಿಗೆ ಕೊಟ್ಟಳು. ಅವನು ಪೂರ್ತಿ ಕುಡಿಯುವ ತನಕ ಬಾಯಿ ಬಿಡಲಿಲ್ಲ; ಅಷ್ಟಾದರೂ ಬೇಯಲಿ ಎಂದು ಬೇಕೆಂದೇ ತಡೆದಳು.

ಮಗಳು: ಸಾಹೇಬರನ್ನ ಪರೀಕ್ಷೆ ಕೆಲಸದಿಂದ ತೆಗೆದ್ರು. ಮೇಡಂ ನಂಗೆ, ‘ಮೇಲಿನವರು ಇಲ್ಲ ಅಂದ್ರೂ ಇದೆ ಅಂದೆಯಲ್ಲ, ನಮಗೆ ಬೇಕಾಗಿರೋದು ಆ ಮೂಗು. ಸೋಮವಾರದಿಂದ ಕಾಯಂ’ ಅಂದ್ರು.

ಅಮ್ಮ ಮಗಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಅಪ್ಪನ ಕಣ್ಣೂ ತುಂಬಿತು, ಆದರೆ ಮೀಸೆ ಅದಕ್ಕಿಂತ ಮೊದಲೇ ಎದ್ದು ನಿಂತಿತ್ತು.

ಅಪ್ಪ: ಅಂದ್ರೆ ಕೆಲಸ ಸಿಕ್ಕಿದ್ದು ನನ್ನ ವಶೀಲಿಯಿಂದಲೇ!

ಮಗಳು: ಅಪ್ಪಾ!

ಅಪ್ಪ: ಮತ್ತೆ? ನಾನು ಬಾಟಲಿ ಕೊಡದಿದ್ರೆ ನಿನ್ನ ಮೂಗು ಮೇಡಂ ಕಣ್ಣಿಗೆ ಬೀಳ್ತಿತ್ತಾ?

ಮಗಳು: ಹೌದು ಮಹರಾಯ. ಮೇಡಂ ನಿಂಗೂ ಹೇಳಿ ಕಳಿಸಿದಾರೆ. ಹೊಸ ತರಬೇತಿಯವರಿಗೆ ಆ ಸೆಂಟು ತಿಂಗಳಿಗೊಂದು ಬಾಟಲಿ ಬೇಕಂತೆ.

ಅಪ್ಪ: (ಎದೆ ಉಬ್ಬಿಸಿ) ಕೇಳಿದ್ಯೇನೇ? ವಿಜ್ಞಾನಿಗಳಿಗೆ ಮಲ್ಲಿಗೆ ವಾಸನೆ ಕಲಿಸೋಕೆ ನನ್ನ ಮಾಲೇ ಬೇಕಂತೆ!

ಮಗಳು: ಮಲ್ಲಿಗೇದಲ್ಲಪ್ಪ. ಸೀಮೆಎಣ್ಣೇದು.